ಕೂದಲು ಬಿಚ್ಚಿದ ಡಾಲರಮ್ಮ, ಒಂದು ಸೇಫ್ಟಿ ಪಿನ್ನು

ನಿನ್ನೆ ಬೆಳಿಗ್ಗೆ ನಾನು ಹಲ್ಲುಜ್ಜುವ ಮೊದಲೇ ಫೋನಿಗೆ ಮೂರು ಫೋಟೋ ಬಂದಿದ್ದವು. ಮೊದಲನೆಯದರಲ್ಲಿ ಹೂವಿನ ಚಿತ್ತಾರದ ಹಾಸಿಗೆ ಹೊದಿಕೆ, ಅದರ ನಡುವೆ ಮಂಜಿನೊಳಗಿನ ಚಂದ್ರನಂತೆ ಏನೋ ಒಂದು ಗುಂಡಗಿನದು. ಎರಡನೆಯದರಲ್ಲಿ ಅದೇ ಗುಂಡಗಿನದು, ಜೊತೆಗೆ ಒಂದು ಹೆಬ್ಬೆರಳು. ಮೂರನೆಯದರಲ್ಲಿ ಬರೀ ಹೆಬ್ಬೆರಳು. ಕೆಳಗೆ ಪ್ರಶ್ನೆ: ‘ಅಂಕಲ್, ಒರಿಜಿನಲ್ಲಾ?’

‘ಹೆಬ್ಬೆರಳು ಒರಿಜಿನಲ್’ ಎಂದು ಉತ್ತರ ಕೊಟ್ಟೆ.

ನಿವೃತ್ತನಾದರೂ ನನಗೆ ಬಿಡುಗಡೆಯಿಲ್ಲ. ಬಾಂಗ್ಸಾರ್‌ನ ಈ ಫ್ಲಾಟಿನಲ್ಲಿ ಕೂತು, ಕೆಳಗೆ ಹೋಗುವ ಎಲ್‌ಆರ್‌ಟಿ ರೈಲುಗಳನ್ನು ಎಣಿಸುತ್ತಾ ನೆಮ್ಮದಿಯಾಗಿ ಚಹಾ ಕುಡಿಯೋಣ ಎಂದುಕೊಂಡರೆ ಇಡೀ ಮಲೇಷ್ಯಾದ ಹೆಬ್ಬೆರಳುಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ನನ್ನದೇ ತಪ್ಪು. ಇಷ್ಟು ವರ್ಷ ಕೌಲಾಲಂಪುರದಲ್ಲಿ ಹಳೆಯ ಅಮೆರಿಕನ್ ಬೆಳ್ಳಿ ಡಾಲರು ನೋಡಿ ನಿಜ–ಸುಳ್ಳು ಹೇಳುವವನು ಯಾರು ಎಂದು ಕೇಳಿದರೆ ಎಲ್ಲರೂ ಒಂದೇ ಹೆಸರು ಹೇಳುವಂತೆ ಮಾಡಿಕೊಂಡೆ. ಕುಂದಾಪುರದ ಪಾಂಡುರಂಗ. ಜಂಬ ಎನ್ನಬೇಡಿ. ಎನ್ನುವುದಿದ್ದರೆ ಕಡೆಯವರೆಗೆ ಓದಿ ಆಮೇಲೆ ಎನ್ನಿ, ಆಗ ನಿಮಗೆ ಇನ್ನಷ್ಟು ಖುಷಿಯಾಗುತ್ತದೆ.

ಇದನ್ನು ಬರೆಯಲು ಹೇಳಿದವಳು ಸಿಂಧು. ಅಂಗಡಿಯಲ್ಲಿ ಈಗ ನನ್ನ ಕುರ್ಚಿಯಲ್ಲಿ ಕೂರುವವಳು. ಸೈಬರ್‌ಜಯಾದಲ್ಲಿ ಅಪ್ಪ ಅಮ್ಮ ಇಬ್ಬರೂ ಕಂಪ್ಯೂಟರಿನವರು, ಮಗಳು ಮಾತ್ರ ಇತಿಹಾಸ ಓದಿ ಹಳೆ ನಾಣ್ಯದ ಅಂಗಡಿಗೆ ಬಂದಳು. ನಾನು ದಿನಾ ಫೋನು ಮಾಡಿ ‘ಅದನ್ನು ತೂಗಿದಿಯಾ, ಇದನ್ನು ಒರೆಸಲಿಲ್ಲ ತಾನೆ’ ಎಂದು ತಲೆ ತಿನ್ನುತ್ತಿದ್ದೆ. ಒಂದು ದಿನ ಸಾಕಾಗಿ, ಮಾತಿನ ಕೊನೆಗೆ ‘ಲಾ’ ಎಂಬ ಬಾಲ ಹಚ್ಚುವ ಇಲ್ಲಿನ ಇಂಗ್ಲಿಷಿನಲ್ಲಿ ಹೇಳಿದಳು.

“ಅಂಕಲ್, ಜಸ್ಟ್ ರೈಟ್ ಇಟ್ ಡೌನ್ ಲಾ. ಎವ್ರಿ ಡೇ ಯು ಕಾಲ್ ಅಂಡ್ ಸ್ಕೋಲ್ಡ್ ಮಿ.”

“ನಿಂಗೆ ಕನ್ನಡ ಓದ್ಲಿಕ್ಕೆ ಬರ್ತದಾ?”

“ಅಮ್ಮ ವಿಲ್ ರೀಡ್.”

ಹಾಗಾಗಿ ಈ ಕೆಲಸಕ್ಕೆ ಬರುವ ಹೊಸಬರಿಗಾಗಿ, ಮತ್ತು ಸಿಂಧುವಿನ ಅಮ್ಮನಿಗಾಗಿ, ಇದನ್ನು ಬರೆಯುತ್ತಿದ್ದೇನೆ.

ನಾನು ಮಲೇಷ್ಯಾಕ್ಕೆ ಬಂದದ್ದು ಒಂದು ಸಸ್ಯಾಹಾರಿ ಹೋಟೆಲಿನ ಗಲ್ಲಾದಲ್ಲಿ ಕೂರಲು. ಪಕ್ಕದ ಅಂಗಡಿ ತೌಕೆ ಚೂ ಅವರದು. ಇಲ್ಲಿ ಚೀನೀ ಯಜಮಾನರನ್ನು ತೌಕೆ ಅನ್ನುತ್ತಾರೆ. ತೆಳ್ಳಗೆ, ಉದ್ದಕ್ಕೆ, ಮಾತಿಗೆ ತೆರಿಗೆ ಕಟ್ಟಬೇಕೇನೋ ಎನ್ನುವ ಹಾಗೆ ಬಾಯಿ ಮುಚ್ಚಿಕೊಂಡಿರುವ ಮನುಷ್ಯ. ದಿನಾ ನಮ್ಮಲ್ಲಿ ಎರಡು ಇಡ್ಲಿ ತಿನ್ನುತ್ತಿದ್ದರು. ಒಂದು ದಿನ ಅವರು ಕೊಟ್ಟ ಚಿಲ್ಲರೆಯಲ್ಲಿ ಒಂದು ಐವತ್ತು ಸೆನ್ ನಾಣ್ಯವನ್ನು ನಾನು ಮುಟ್ಟಿದ ಕೂಡಲೇ ವಾಪಸು ತಳ್ಳಿದೆ. ‘ಇದು ಸುಳ್ಳು, ಸದ್ದೇ ಬೇರೆ’ ಅಂದೆ. ಅವರು ಅದನ್ನು ಬೇಕೆಂದೇ ಇಟ್ಟಿದ್ದರಂತೆ. ಮರುವಾರ ನಾನು ಅವರ ಅಂಗಡಿಯಲ್ಲಿದ್ದೆ. ನನ್ನನ್ನು ಕೆಲಸಕ್ಕೆ ತಗೊಳ್ಳಲು ಅವರು ನನಗೇ ಚೇಷ್ಟೆ ಮಾಡಿದ್ದರು. ಅಲ್ಲಿಂದ ಮುಂದಿನ ಚೇಷ್ಟೆಗಳೆಲ್ಲ ಅದರ ಬಡ್ಡಿ.

ತೌಕೆಗೆ ಹುಚ್ಚು ಒಂದೇ. ಅಮೆರಿಕ ದೇಶವಾಗಿ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ಟಂಕಸಾಲೆಯಲ್ಲಿ ಹೊಡೆದ ಬೆಳ್ಳಿ ಡಾಲರುಗಳು. ಅವು ಇಲ್ಲಿಗೆ ಹೇಗೆ ಬಂದವು ಎಂದು ನನಗೂ ಮೊದಲು ಆಶ್ಚರ್ಯವಾಗಿತ್ತು. ಸುಮಾತ್ರಾದ ಕಾಳುಮೆಣಸಿಗೆ ಅಮೆರಿಕದ ಹಡಗುಗಳು ಬರುತ್ತಿದ್ದವು, ಬೆಳ್ಳಿ ಕೊಟ್ಟು ಮೆಣಸು ತುಂಬಿಕೊಂಡು ಹೋಗುತ್ತಿದ್ದವು. ಆ ಬೆಳ್ಳಿಯಲ್ಲಿ ಹೆಚ್ಚಿನದು ಕರಗಿ ಬಳೆಯಾಯಿತು, ಡಾಬಾಯಿತು. ಎಲ್ಲೋ ಒಂದೊಂದು ಮೆಲಾಕಾದ ಹಳೆಯ ಮನೆಗಳ ಪೆಟ್ಟಿಗೆಯ ತಳದಲ್ಲಿ ಉಳಿಯಿತು. ಆ ಒಂದೊಂದರ ಹಿಂದೆ ತೌಕೆ ಬಿದ್ದಿದ್ದರು.

ಮೊದಲ ಡಾಲರಿನ ಮೇಲೆ ಒಬ್ಬ ಹೆಂಗಸಿನ ಮುಖವಿದೆ. ಕೂದಲು ಕಟ್ಟಿಲ್ಲ, ಹಿಂದಕ್ಕೆ ಹಾರಾಡುತ್ತದೆ. ಎರಡು ವರ್ಷ ಹಾಗೆ ಹೊಡೆದರು. ಆಮೇಲೆ ಬಂದ ಡಾಲರಿನಲ್ಲಿ ಅವಳ ಕೂದಲಿಗೆ ರಿಬ್ಬನ್ನು ಬಂತು, ಎದೆಯ ಮೇಲೆ ಸೆರಗಿನಂಥದೂ ಬಂತು. ನಾನು ಮೊದಲನೆಯವಳಿಗೆ ಬಿಚ್ಚಮ್ಮ, ಎರಡನೆಯವಳಿಗೆ ರಿಬ್ಬನಮ್ಮ ಎಂದು ಹೆಸರಿಟ್ಟಿದ್ದೆ. ತೌಕೆಯೂ ಕ್ರಮೇಣ ಹಾಗೇ ಕರೆಯತೊಡಗಿದರು. ಒಮ್ಮೆ ಅಮೆರಿಕದಿಂದ ಬಂದ ದೊಡ್ಡ ಸಂಗ್ರಾಹಕನೊಬ್ಬನ ಎದುರು ಅವರು ಗಂಭೀರವಾಗಿ “ದಿಸ್ ಒನ್ ಬಿಚ್ಚಮ್ಮ, ವೆರಿ ರೇರ್” ಅಂದಾಗ ನಾನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ನಗಬೇಕಾಯಿತು.

ಮೊದಲ ವರ್ಷವಿಡೀ ತೌಕೆ ನನಗೆ ಭೂತಗನ್ನಡಿ ಕೊಡಲಿಲ್ಲ. ತಕ್ಕಡಿ ಮಾತ್ರ ಕೊಟ್ಟರು. ನಾಣ್ಯ ಬಂದರೆ ತೂಗು, ಬರೆದಿಡು. ಅಷ್ಟೇ. ನೋಡುವುದು, ಮಾತಾಡುವುದು ಅವರ ಕೆಲಸ. ಆ ಡಾಲರು ಇಪ್ಪತ್ತೇಳು ಗ್ರಾಮಿಗೆ ಒಂದು ಕೂದಲೆಳೆ ಕಡಿಮೆ ಇರಬೇಕು. ಸವೆದಿದ್ದರೆ ಇನ್ನಷ್ಟು ಕಡಿಮೆ. ಸುಳ್ಳಿನವು ಹತ್ತೊಂಬತ್ತು, ಇಪ್ಪತ್ತರಲ್ಲೇ ಸುಸ್ತಾಗಿ ನಿಲ್ಲುತ್ತವೆ. ಕಣ್ಣಿಗೆ ಮೋಸ ಮಾಡಬಹುದು, ತಕ್ಕಡಿಗೆ ಮಾಡುವುದು ಕಷ್ಟ. ನನಗೆ ಬೇಜಾರು ಬಂದು ಒಂದು ದಿನ ಚಿನ್ನದ ಕಾಗದದ ಚಾಕಲೇಟು ನಾಣ್ಯವನ್ನೂ ತೂಗಿ, ಪುಸ್ತಕದಲ್ಲಿ ಬರೆದು, ಟ್ರೇಯಲ್ಲಿಟ್ಟು ಅವರ ಮುಂದೆ ತಳ್ಳಿದೆ. ತೌಕೆ ಅದನ್ನು ಕೈಗೆತ್ತಿಕೊಂಡರು, ಭೂತಗನ್ನಡಿಯಲ್ಲಿ ಎರಡೂ ಕಡೆ ನೋಡಿದರು, ಸುಲಿದರು, ತಿಂದರು. ಪುಸ್ತಕದಲ್ಲಿ ನನ್ನ ಸಾಲಿನ ಪಕ್ಕ ‘ಸೋಲ್ಡ್’ ಎಂದು ಬರೆದರು.

ಅವರು ನನ್ನ ಮೇಲೆ ಕೂಗಿದ್ದು ಒಂದೇ ಸಲ. ಒಬ್ಬರು ತಂದಿದ್ದ ರಿಬ್ಬನಮ್ಮನ ಮೇಲೆ ಏನೋ ಮಸಿ ಕಂಡಿತು. ನಾನು ಅಂಗಿಯ ತೋಳಿನಿಂದ ಒಂದು ಸಲ, ಒಂದೇ ಸಲ, ಉಜ್ಜಿದೆ. ತೌಕೆ ಎದ್ದು ನಿಂತರು. ಹಳೆಯ ಬೆಳ್ಳಿಯ ಮೇಲಿನ ಕಪ್ಪು, ನೀಲಿ, ಕಂದು ಬಣ್ಣ ಕೊಳೆಯಲ್ಲ, ಅದರ ಚರ್ಮ. ಇನ್ನೂರು ವರ್ಷದಲ್ಲಿ ಬಂದದ್ದು ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ನೋಡುವವರು ಮೊದಲು ಕೇಳುವುದೇ ‘ತೊಳೆದಿದ್ದಾರಾ’ ಎಂದು. ನನ್ನ ತೋಳಿನ ಆ ಒಂದು ಗೀರು ಆ ನಾಣ್ಯದ ಕೆನ್ನೆಯ ಮೇಲೆ ಕಡೆಯವರೆಗೂ ಉಳಿಯಿತು. ಅಂದಿನಿಂದ ಎರಡು ವರ್ಷ ಅಂಗಡಿಯಲ್ಲಿ ಅರ್ಧ ತೋಳಿನ ಅಂಗಿಯನ್ನೇ ಹಾಕಬೇಕೆಂದು ಅಪ್ಪಣೆಯಾಯಿತು.

ಇನ್ನು ಸಾವಿರದ ಎಂಟುನೂರ ನಾಲ್ಕು. ಈ ಇಸವಿ ಕೇಳಿದರೆ ನನಗೆ ಈಗಲೂ ಹಲ್ಲು ಜುಮ್ಮೆನ್ನುತ್ತದೆ. ಆ ಇಸವಿಯ ಡಾಲರು ಜಗತ್ತಿನಲ್ಲಿ ಇರುವುದು ಕೈಬೆರಳು, ಒಂದು ಕಾಲಿನ ಬೆರಳು ಸೇರಿಸಿದರೆ ಮುಗಿಯುವಷ್ಟು. ಅವೂ ಆ ವರ್ಷ ಹೊಡೆದವಲ್ಲ, ಎಷ್ಟೋ ವರ್ಷದ ಮೇಲೆ ದೂರದ ರಾಜರಿಗೆ ಉಡುಗೊರೆ ಕೊಡಲೆಂದು ಆ ಇಸವಿ ಹಾಕಿ ಹೊಡೆದವು. ಅದರಲ್ಲೊಂದು ನಮ್ಮ ಪಕ್ಕದ ಸಯಾಮ್ ದೇಶದ ಅರಮನೆಗೂ ಬಂತು. ಈ ಅರ್ಧ ಕಥೆ ಕೇಳಿದವರೆಲ್ಲ ಸಯಾಮಿನ ಗಡಿಯಲ್ಲಿ, ಸಂತೆಯಲ್ಲಿ, ದೋಣಿಕಟ್ಟೆಯಲ್ಲಿ ಒಂದೊಂದು ಕೊಂಡುಕೊಂಡು ನೇರ ನಮ್ಮ ಅಂಗಡಿಗೆ ಬರುತ್ತಿದ್ದರು. ಜಗತ್ತಿನಲ್ಲಿರುವುದಕ್ಕಿಂತ ಹೆಚ್ಚು ನಮ್ಮ ಮೇಜಿನ ಮೇಲೆ ಬಂದಿವೆ. ಎಲ್ಲರದೂ ಒಂದೇ ಮಾತು, ‘ನಮ್ಮಜ್ಜನದು’. ಒಬ್ಬರು ಏಳು ತಂದರು, ಏಳೂ ಒಂದೇ ಅಜ್ಜನವು. ನಾನು ಕೇಳಿದೆ, “ನಿಮ್ಮಜ್ಜ ಟಂಕಸಾಲೆಯಲ್ಲಿ ಕೆಲಸಕ್ಕಿದ್ರಾ?” ಅವರು ಸಿಟ್ಟಾಗಿ ಏಳನ್ನೂ ಚೀಲಕ್ಕೆ ತುಂಬಿಕೊಂಡು ಎದುರಿನ ತಮಿಳು ಮುಸ್ಲಿಮರ ಮಾಮಾಕ್ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ನನ್ನನ್ನೇ ದುರುಗುಟ್ಟಿ ನೋಡುತ್ತಾ ಕೂತರು.

ಈ ಕಾಟ ತಡೆಯಲಾರದೆ ನಾನು ಅಯಸ್ಕಾಂತದ ಆಟ ಶುರು ಮಾಡಿದೆ. ಒಂದು ಹಾಳಾದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಮಖಮಲ್ಲು ಹೊದಿಸಿದ ನಮ್ಮ ತಟ್ಟೆಯ ಅಡಿಯಲ್ಲಿ ಅಂಟಿಸಿದೆ. ಬೆಳ್ಳಿ ಅದಕ್ಕೆ ಅಂಟುವುದಿಲ್ಲ. ಅಗ್ಗದ ಸುಳ್ಳು ನಾಣ್ಯದ ಒಳಗಿರುವುದು ಕಬ್ಬಿಣ, ಅದು ಕಚ್ಚಿಕೊಳ್ಳುತ್ತದೆ. ಅಜ್ಜನ ಕಥೆಯನ್ನು ಪೂರ್ತಿ ಕೇಳಿ, ತಲೆದೂಗಿ, ‘ಎತ್ತಿ ಕೊಡಿ ನೋಡುವಾ’ ಎನ್ನುತ್ತಿದ್ದೆ. ಅವರು ಎತ್ತಲು ಹೋದರೆ ನಾಣ್ಯ ಏಳುವುದಿಲ್ಲ. ನಾನು ಮುಖ ಗಂಟು ಹಾಕಿಕೊಂಡು, “ಪಾಪ, ನಾಚಿಕೆಯಾಗಿದೆ ಅದಕ್ಕೆ” ಎನ್ನುತ್ತಿದ್ದೆ. ಶನಿವಾರ ಸಂಗ್ರಾಹಕರ ಗುಂಪು ಸೇರುತ್ತಿತ್ತು. ಅವರಿಗೆ ಇದು ಸಿನಿಮಾ. ಕೆಲವರು ಮಾಮಾಕ್‌ನಿಂದ ಚಹಾ, ರೊಟ್ಟಿ ತಪಾವ್ ಮಾಡಿಕೊಂಡು, ಅಂದರೆ ಕಟ್ಟಿಸಿಕೊಂಡು, ಬಂದು ಕೂರುತ್ತಿದ್ದರು.

ತೌಕೆ ಒಮ್ಮೆ ಮಾತ್ರ ಹೇಳಿದರು. “ಪಾಂಡು ಆ, ಸ್ಕೇಲ್ ಫಸ್ಟ್. ದೆನ್ ಜೋಕ್.”

ನಾನು “ಓಕೆ ತೌಕೆ” ಅಂದೆ. ತಕ್ಕಡಿ ಆ ಹೊತ್ತಿಗೆ ಹಿಂದಿನ ಕಪಾಟಿಗೆ ಹೋಗಿತ್ತು. ಅಯಸ್ಕಾಂತವಿದ್ದ ಮೇಲೆ ಪ್ರತಿಯೊಂದಕ್ಕೂ ಎದ್ದು ಹೋಗಿ ಯಾರು ತೂಗುತ್ತಾರೆ. ಆಮೇಲೆ ಲೋಹ ಪರೀಕ್ಷೆಯ ಪಿಸ್ತೂಲಿನಂಥ ಯಂತ್ರ ಬಂತು, ಫೋನಿಗೆ ಫೋಟೋ ತೋರಿಸಿದರೆ ನಾಣ್ಯದ ಹೆಸರು ಹೇಳುವ ಆಪ್ ಬಂತು. ಆ ಆಪು ಒಮ್ಮೆ ನನ್ನ ಅಂಗಿಯ ಗುಂಡಿಯನ್ನು ರೋಮನ್ ನಾಣ್ಯ ಅಂದಿತು. ಅದನ್ನು ಸಿಂಧುವಿಗೆ ತೋರಿಸಿ ವಾರವಿಡೀ ಹಂಗಿಸಿದೆ. ನನ್ನ ಅಯಸ್ಕಾಂತವೂ ಅದೇ ಜಾತಿಯದು ಎಂದು ಆಗ ಹೊಳೆಯಲಿಲ್ಲ.

ಕೆಲಸದ ಕೊನೆಯ ವರ್ಷ, ಒಂದು ಶನಿವಾರ ಮಧ್ಯಾಹ್ನ, ಅಂಗಡಿ ತುಂಬಿದ್ದಾಗ ಒಬ್ಬ ಹೆಂಗಸು ಬಂದರು. ಅರವತ್ತರ ಆಸುಪಾಸು, ಹತ್ತಿಯ ಸೀರೆ, ತುರುಬು, ಕೈಯಲ್ಲಿ ಮಡಚುವ ಛತ್ರಿ. ನನ್ನ ಹೆಸರು ಕೇಳಿ ನೇರ ಕನ್ನಡಕ್ಕೇ ಇಳಿದರು.

“ನೀವು ಕುಂದಾಪುರದವರಂತಲ್ಲ. ನಾನು ವಸಂತಿ. ಮಣಿಪಾಲದವಳು, ಮೆಲಾಕಾದ ಮೆಡಿಕಲ್ ಕಾಲೇಜಲ್ಲಿ ಪಾಠ ಮಾಡ್ತಿದ್ದೆ. ರಿಟೈರಾಯ್ತು. ಬುಧವಾರ ಊರಿಗೆ.”

“ಕೂತ್ಕೊಳ್ಳಿ ಡಾಕ್ಟ್ರಮ್ಮ. ಎಂತ ತಂದದ್ದು? ಅಜ್ಜನದಾ?”

ಗುಂಪು ಕಿಸಕ್ಕೆಂದಿತು. ಕನ್ನಡ ಬಾರದಿದ್ದರೂ ಅವರಿಗೆ ಆ ‘ಅಜ್ಜ’ ಎಂಬ ಶಬ್ದ ಗೊತ್ತಿತ್ತು.

“ಅಜ್ಜಿಯದು” ಅಂದರು ವಸಂತಿ, ನಗದೆ. “ನಾವು ಮೊದಲಿದ್ದ ಮನೆಯ ಕೆಳಗೆ ಒಬ್ರು ಚೀನೀ ಅಜ್ಜಿ ಇದ್ರು. ನಮ್ಮನೆಯವರು ಅವರಿಗೆ ಮದ್ದು ಕೊಡ್ತಿದ್ರು, ದುಡ್ಡು ತಗೊಳ್ತಿರ್ಲಿಲ್ಲ. ಒಂದಿನ ಅಜ್ಜಿ ಇವರ ಕೈಲಿ ಎರಡು ನಾಣ್ಯ ಹಾಕಿ ಮುಷ್ಟಿ ಮುಚ್ಚಿಬಿಟ್ರು. ಅವರ ಭಾಷೆ ಇವರಿಗೆ ಬರ್ತಿರ್ಲಿಲ್ಲ. ಆಮೇಲಾಮೇಲೆ ಅಜ್ಜಿಗೆ ಮರೆವಿನ ಕಾಯಿಲೆ ಬಂತು. ಇವರಿಗೆ ಅದೇ ಕೊರಗು. ಕೊಡುವಾಗ್ಲೂ ಬುದ್ಧಿ ಸ್ವಾಧೀನ ಇತ್ತೋ ಇಲ್ವೋ, ರೋಗಿಯ ಕೈಯಿಂದ ಮನೆತನದ ಸೊತ್ತು ತಗೊಂಡ್ಬಿಟ್ನೋ ಅಂತ. ಹೋಗುವ ಹಿಂದಿನ ವಾರವೂ ಅದೇ ಮಾತು. ಒಂದು ದೇವರ ಗೂಡಲ್ಲುಂಟು, ಇನ್ನೊಂದು ತಂದಿದ್ದೇನೆ. ನೀವು ಬೆಲೆ ಹೇಳುದು ಬೇಡ. ನಿಜದ್ದಾ ಸುಳ್ಳಾ, ಅಷ್ಟು ಹೇಳಿ. ನಿಜದ್ದಾದ್ರೆ ಅಜ್ಜಿಯ ಮೊಮ್ಮಗಳಿಗೆ ಎರಡೂ ವಾಪಸ್ ಕೊಟ್ಟು ಹೋಗ್ತೇನೆ. ಸುಳ್ಳಾದ್ರೆ ನಮ್ಮನೆಯವರ ಆತ್ಮಕ್ಕೆ ನೆಮ್ಮದಿ.”

ಇಷ್ಟು ಸ್ಪಷ್ಟವಾಗಿ ಹೇಳಿದರು. ಈಗ ಬರೆಯುವಾಗ ಪ್ರತಿ ಮಾತೂ ನೆನಪಿದೆ. ಆಗ ನಾನು ಕೇಳಿಸಿಕೊಂಡದ್ದು ‘ಅಜ್ಜಿ’ ಒಂದನ್ನೇ. ಅದಕ್ಕೊಂದು ತಮಾಷೆ ಹೊಂದಿಸುತ್ತಾ ಕೂತಿದ್ದೆ.

ಅವರು ಪರ್ಸಿನಿಂದ ದೇವಸ್ಥಾನದ ಕುಂಕುಮ ಕೊಡುವಂಥ ಸಣ್ಣ ಪ್ಲಾಸ್ಟಿಕ್ ಕವರು ತೆಗೆದು ತಟ್ಟೆಯ ಮೇಲಿಟ್ಟರು. ಒಳಗೆ ಕಪ್ಪಗಿನ ದೊಡ್ಡ ನಾಣ್ಯ. ಮಾಸಿದ ಕವರಿನ ಮೂಲಕ ಹಾರುವ ಕೂದಲು ಕಂಡಿತು. ಬಿಚ್ಚಮ್ಮ. ಆ ವಾರವಷ್ಟೇ ನಾಲ್ಕು ಸುಳ್ಳು ಬಿಚ್ಚಮ್ಮಂದಿರು ಬಂದಿದ್ದರು.

“ಎತ್ತಿ ಕೊಡಿ ನೋಡುವಾ” ಅಂದೆ, ಗುಂಪಿನ ಕಡೆ ಹುಬ್ಬು ಹಾರಿಸಿ.

ಅವರು ಎತ್ತಿದರು. ಕವರು ಏಳಲಿಲ್ಲ.

ಅಂಗಡಿ ನಗೆಯಲ್ಲಿ ಸಿಡಿಯಿತು. ವಸಂತಿಯವರ ಮುಖ ಕೆಂಪಾಯಿತು. ಅವರಿಗೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ. ನಾನು ಗುಂಪಿನ ಕಡೆ ತಿರುಗಿ, ಎರಡೂ ಕೈ ಎತ್ತಿ, ಇಂಗ್ಲಿಷಿನಲ್ಲಿ ಭಾಷಣ ಮಾಡಿದೆ: ಈ ಅಮ್ಮನವರಿಗೆ ನಮ್ಮ ಅಂಗಡಿ ತುಂಬ ಇಷ್ಟವಾಗಿದೆ, ಮನೆಗೆ ಹೋಗುವುದಿಲ್ಲವಂತೆ. ಮತ್ತೆ ನಗೆ. ನನ್ನ ಬೆನ್ನ ಹಿಂದೆ ಅವರು ಕವರನ್ನು ಜೋರಾಗಿ ಎಳೆದದ್ದು, ಅದು ಪರ್ರೆಂದು ಹರಿದದ್ದು ಕೇಳಿಸಿತು. ತಿರುಗುವಷ್ಟರಲ್ಲಿ ನಾಣ್ಯ ಪರ್ಸಿನೊಳಗಿತ್ತು.

“ಸುಳ್ಳು ಡಾಕ್ಟ್ರಮ್ಮ. ನೂರಕ್ಕೆ ನೂರು. ಕಬ್ಬಿಣ.”

“ಹೌದಾ. ಒಳ್ಳೇದೇ ಆಯ್ತು” ಅಂದರು. ಬಾಗಿಲ ಹತ್ತಿರ ನಿಂತು ಛತ್ರಿ ಬಿಡಿಸುತ್ತಾ ಇನ್ನೊಂದು ಮಾತು ಸೇರಿಸಿದರು. “ನೀವು ಇದನ್ನು ನಗದೆಯೂ ಹೇಳ್ಬಹುದಿತ್ತು.”

ಸಂಜೆ ಆರಕ್ಕೆ ಅಂಗಡಿ ಮುಚ್ಚುವಾಗ ತಟ್ಟೆ ಒರೆಸಲು ಹೋದೆ. ಕಪ್ಪು ಮಖಮಲ್ಲಿನ ನಡುವೆ ಒಂದು ಸೇಫ್ಟಿ ಪಿನ್ನು ಬಿದ್ದಿತ್ತು. ಎತ್ತಿದೆ. ಏಳಲಿಲ್ಲ. ಅದರ ಬಾಯಲ್ಲಿ ಹರಿದ ಪ್ಲಾಸ್ಟಿಕ್ಕಿನ ಒಂದು ಚೂರು ಸಿಕ್ಕಿಕೊಂಡಿತ್ತು.

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ನಮ್ಮ ಊರಿನ ಹೆಂಗಸರು ಯಾವುದನ್ನು ತಾನೇ ಪಿನ್ನು ಹಾಕದೆ ಬಿಡುತ್ತಾರೆ. ಸೆರಗಿಗೆ ಪಿನ್ನು, ಬಳೆಗೆ ಪಿನ್ನು, ಕವರಿನ ಬಾಯಿಗೆ ಪಿನ್ನು. ನನ್ನ ಹೆಂಡತಿ ಸುಮತಿಯ ಮಂಗಳಸೂತ್ರದಲ್ಲೇ ಮೂರು ನೇತಾಡುತ್ತವೆ. ಅದು ಗೊತ್ತಿರಬೇಕಾದವನು ಆ ಅಂಗಡಿಯಲ್ಲಿ ನಾನೊಬ್ಬನೇ. ಅಯಸ್ಕಾಂತ ಹಿಡಿದದ್ದು ಪಿನ್ನನ್ನು. ನಾಣ್ಯವನ್ನು ನಾನು ತೂಗಲಿಲ್ಲ, ಕವರಿನಿಂದ ಹೊರಗೆ ತೆಗೆಯಲಿಲ್ಲ, ಅಂಚು ನೋಡಲಿಲ್ಲ.

ಸಿಂಧು ಪಕ್ಕದಲ್ಲೇ ಬೀಗ ಹಿಡಿದು ನಿಂತಿದ್ದಳು. “ಅಂಕಲ್, ಯು ಡಿಡಂಟ್ ಈವನ್ ವೇ ಇಟ್?”

ತೌಕೆಗೆ ಎಂಬತ್ತು ದಾಟಿತ್ತು, ಆದರೂ ಶನಿವಾರ ಬಂದು ಹಿಂದೆ ಕೂರುತ್ತಿದ್ದರು. ಅವರು ಎದ್ದು ಬಂದು ಪಿನ್ನು ನೋಡಿದರು. ಹಿಂದಿನ ಕಪಾಟಿಗೆ ಹೋಗಿ ತಕ್ಕಡಿ ತೆಗೆದು, ಅದರ ಧೂಳನ್ನು ಊದಿ, ನನ್ನ ಮುಂದೆ ತಂದಿಟ್ಟರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ವಸಂತಿಯವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಐದು ನಿಮಿಷದಲ್ಲಿ ನಂಬರು, ವಿಳಾಸ ಎರಡೂ ಬಂದವು, ಜೊತೆಗೆ ಎಂಟು ಜನರಿಂದ ‘ಏನು ವಿಷಯ’. ಫೋನು ಮಾಡಿದೆ, ಎತ್ತಲಿಲ್ಲ. ಆರು ಸಲ ಮಾಡಿದೆ. ಕಡೆಗೆ ಮೆಸೇಜು ಬರೆದೆ: ‘ಮೇಡಂ, ನಿಮ್ಮ ನಾಣ್ಯ ನಿಜದ್ದಿರಬಹುದು. ಯಾರಿಗೂ ಕೊಡಬೇಡಿ, ಮುಟ್ಟಬೇಡಿ. ನಾಳೆ ನಾನೇ ಬರುತ್ತೇನೆ.’

ಸಿಂಧು ಅದನ್ನು ಓದಿಸಿಕೊಂಡು ಹಣೆ ಚಚ್ಚಿಕೊಂಡಳು. “ಅಂಕಲ್, ಯು ಸೌಂಡ್ ಲೈಕ್ ಎ ಸ್ಕ್ಯಾಮರ್.”

ಅಷ್ಟರಲ್ಲಿ ಅವರು ನನ್ನನ್ನು ಬ್ಲಾಕ್ ಮಾಡಿಯಾಗಿತ್ತು.

ಮರುದಿನ ಭಾನುವಾರ ಬೆಳಿಗ್ಗೆ ಸಿಂಧು ಕಾರು ತಂದಳು. ನಾನು ತೊಡೆಯ ಮೇಲೆ ತಕ್ಕಡಿ, ಅಂಗಿಯ ಜೇಬಿನಲ್ಲಿ ಪಿನ್ನು ಇಟ್ಟುಕೊಂಡು ಮೆಲಾಕಾದವರೆಗೆ ಬಾಯಿ ಬಿಡದೆ ಕೂತೆ. ಅವಳು ಎರಡು ಸಲ ನನ್ನ ಕಡೆ ತಿರುಗಿ “ಆರ್ ಯು ಸಿಕ್?” ಎಂದು ಕೇಳಿದಳು.

ವಸಂತಿಯವರ ಮನೆಯಲ್ಲಿ ಪೆಟ್ಟಿಗೆಗಳು ಸಾಲಾಗಿ ಕಟ್ಟಿಟ್ಟಿದ್ದವು. ಅವರೇ ಬಾಗಿಲು ತೆರೆದರು. ಕೈ ಮೊಣಕೈವರೆಗೆ ಒದ್ದೆ, ಬೆರಳ ತುದಿಯಲ್ಲಿ ಬಿಳಿ ಪುಡಿ. ನನ್ನನ್ನು ನೋಡಿ ಮುಖ ಬಿಗಿಯಿತು.

“ಇನ್ನೂ ನಗುದು ಬಾಕಿ ಉಂಟಾ?”

“ಇಲ್ಲ ಡಾಕ್ಟ್ರಮ್ಮ. ತಪ್ಪಾಯ್ತು. ನಾಣ್ಯ ಎಲ್ಲಿ?”

“ಅಡುಗೆಮನೆಯಲ್ಲಿ. ತಿಕ್ಕುತ್ತಾ ಇದ್ದೆ.”

ನಾನು ಚಪ್ಪಲಿ ಬಿಟ್ಟೆನೋ ಇಲ್ಲವೋ ನೆನಪಿಲ್ಲ. ಸಿಂಕಿನ ಪಕ್ಕ ಒಂದು ಬಟ್ಟಲಿನಲ್ಲಿ ಹುಣಸೆಹುಳಿ, ಒಂದು ತಟ್ಟೆಯಲ್ಲಿ ವಿಭೂತಿ. ನಡುವೆ ಬಟ್ಟೆಯ ಮೇಲೆ ಬಿಚ್ಚಮ್ಮ ಮಲಗಿದ್ದಳು. ಮುಖ ಹೊಸ ಚಮಚದ ಹಾಗೆ ಫಳಫಳ. ತಿರುಗಿಸಿದೆ. ಹಿಂಬದಿಯ ಹದ್ದಿನ ಚಿತ್ರ ಇನ್ನೂ ಕಪ್ಪಗಿತ್ತು, ರೆಕ್ಕೆಯ ಅಂಚಿನಲ್ಲಿ ನೀಲಿ, ಮಾಲೆಯ ಎಲೆಗಳ ಸಂದಿಯಲ್ಲಿ ಇನ್ನೂರು ವರ್ಷದ ಕಂದು.

“ಒಂದು ಬದಿ ಆಯ್ತು, ಇನ್ನೊಂದು ಮಾಡುವಾ ಅಂತಿದ್ದೆ, ನೀವು ಬೆಲ್ ಒತ್ತಿದ್ರಿ” ಅಂದರು.

“ಇಷ್ಟು ವರ್ಷ ತಿಕ್ಕಿರ್ಲಿಲ್ಲ ಅಲ್ವಾ. ಇವತ್ತೇ ಯಾಕೆ ತಿಕ್ಕಿದ್ರಿ?”

“ಇಷ್ಟು ವರ್ಷ ಅದು ಸೂಜಿದಾರದ ಡಬ್ಬಿಯಲ್ಲಿತ್ತು ಮಾರಾಯ್ರೇ. ಎರಡು ನಾಣ್ಯ ಬಂದಾಗ ಅತ್ತೆ ಊರಿಂದ ಬಂದಿದ್ರು. ಕೂದಲು ಕಟ್ಟಿದವಳನ್ನು ಲಕ್ಷ್ಮಿ ಪೂಜೆಗಿಡು, ಈ ಕೂದಲು ಬಿಚ್ಚಿಕೊಂಡವಳು ದೇವರ ಕೋಣೆಗೆ ಬೇಡ ಅಂದ್ರು. ಮನೆಗೆ ಒಳ್ಳೇದಲ್ಲ ಅಂತೆ. ನಿನ್ನೆ ನೀವು ಸುಳ್ಳು ಅಂದ್ರಲ್ಲ. ಸುಳ್ಳು ಅಂದ ಮೇಲೆ ಕಟ್ಟಿದ್ರೆಂತ, ಬಿಚ್ಚಿದ್ರೆಂತ. ತಿಕ್ಕಿ ಇವರ ಫೋಟೋದ ಹತ್ರ ಇಡುವಾ ಅಂತ.”

ದೇವರ ಗೂಡಿನಿಂದ ಇನ್ನೊಂದನ್ನೂ ತಂದು ತೋರಿಸಿದರು. ಪ್ರತಿ ದೀಪಾವಳಿಗೆ ಹುಣಸೆ, ವಿಭೂತಿ ಕಂಡು ಕಂಡು ರಿಬ್ಬನಮ್ಮನಿಗೆ ಮೂಗೂ ಉಳಿದಿರಲಿಲ್ಲ, ರಿಬ್ಬನ್ನೂ ಉಳಿದಿರಲಿಲ್ಲ. ಬಳಸಿದ ಸೋಪಿನ ಹಾಗೆ ನುಣ್ಣಗಾಗಿದ್ದಳು, ಹಣೆಯ ಜಾಗದಲ್ಲಿ ಕುಂಕುಮ. ಭಕ್ತಿ ಒಬ್ಬಳನ್ನು ಸವೆಸಿತ್ತು, ತಾತ್ಸಾರ ಇನ್ನೊಬ್ಬಳನ್ನು ಕಾಪಾಡಿತ್ತು. ಅಂದು ಬೆಳಿಗ್ಗೆಯವರೆಗೆ.

ಅಡುಗೆಕಟ್ಟೆಯ ಮೇಲೆ ತಕ್ಕಡಿ ಇಟ್ಟೆ. ಒರೆಸಿ ಬಿಚ್ಚಮ್ಮನನ್ನು ಇಟ್ಟೆ. ಇಪ್ಪತ್ತಾರು ದಾಟಿ ಹೋಗಿ ಇಪ್ಪತ್ತೇಳಕ್ಕೆ ಕೂದಲೆಳೆ ಮೊದಲು ನಿಂತಿತು. ಅಂಚು ತಿರುಗಿಸಿದೆ. ಅಲ್ಲಿ ಕೊರೆದ ಅಕ್ಷರಗಳು ಇರಬೇಕಾದ ಹಾಗೆ ಇದ್ದವು. ಸಿಂಧುವಿಗೆ ಕೊಟ್ಟೆ. ಅವಳು ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿ, ತಕ್ಕಡಿಯನ್ನು ನನ್ನ ಕಡೆಗೆ ತಳ್ಳಿದಳು. ತೌಕೆಯ ಬುದ್ಧಿ ಅವಳಿಗೂ ಹತ್ತಿದೆ.

“ನಿಜದ್ದು ಡಾಕ್ಟ್ರಮ್ಮ” ಅಂದೆ. ಪಿನ್ನು ತೆಗೆದು ತೋರಿಸಿ, ಅಯಸ್ಕಾಂತದ ಕಥೆ ಪೂರ್ತಿ ಹೇಳಿದೆ. ಹುಣಸೆಹುಳಿ ಏನು ಮಾಡಿತು ಎಂಬುದನ್ನೂ ಹೇಳಿದೆ. ಮುಚ್ಚಿಡಬಹುದಿತ್ತು, ಆದರೆ ಒಂದು ಸುಳ್ಳು ಆಗಲೇ ಹೇಳಿಯಾಗಿತ್ತು.

ಅವರು ನನ್ನನ್ನು ಬೈಯಲಿಲ್ಲ. ಕುರ್ಚಿ ಎಳೆದು ಕೂತು, “ಹಾಗಾದ್ರೆ ಇವರು ಹೆದರಿದ್ದೇ ಸರಿ” ಅಂದರು. “ಬುದ್ಧಿ ನೆಟ್ಟಗಿಲ್ಲದ ಮುದುಕಿಯ ಕೈಯಿಂದ ತಗೊಂಡ್ರು. ಈಗ ಅದನ್ನೂ ಹಾಳು ಮಾಡಿ ವಾಪಸ್ ಕೊಡ್ತೇನೆ ನಾನು.” ಆ ಮಾತು ಕೇಳಿದಾಗ ನನಗಾದದ್ದನ್ನು ಬರೆಯುವುದು ಬೇಡ. ಸಿಂಧುವಿನ ಅಮ್ಮನಿಗೆ ಇಷ್ಟು ಸಾಕು.

ಅಜ್ಜಿಯ ಮೊಮ್ಮಗಳು ಮೇ ಲಿನ್ ಎರಡು ಬೀದಿ ಆಚೆಗಿದ್ದಳು. ಮೂವರೂ ನಡೆದೇ ಹೋದೆವು. ಮುಂಬಾಗಿಲಲ್ಲಿ ಬಣ್ಣ ಬಣ್ಣದ ಅಕ್ಕಿ ತಿಂಡಿಗಳ ಟ್ರೇ ಜೋಡಿಸುತ್ತಿದ್ದಳು. ನಲವತ್ತರ ಹತ್ತಿರದ ಹೆಂಗಸು, ಮಾತು ಜೋರು. ವಸಂತಿ ನಿಂತಲ್ಲೇ ಎರಡೂ ನಾಣ್ಯಗಳನ್ನು ಅವಳ ಮುಂದೆ ಇಟ್ಟು, ಇಂಗ್ಲಿಷಿನಲ್ಲಿ ಎಲ್ಲ ಹೇಳಿದರು. ಅಜ್ಜಿಯ ಮರೆವು, ಗಂಡನ ಕೊರಗು, ಹುಣಸೆಹಣ್ಣು. ಕಡೆಗೆ ಕ್ಷಮೆ.

ಮೇ ಲಿನ್ ಕೈ ಒರೆಸಿಕೊಂಡು ಹೊಳೆಯುವುದನ್ನು ಎತ್ತಿಕೊಂಡಳು. ನಗಲು ಶುರು ಮಾಡಿದಳು.

“ಆಂಟಿ, ವಾಟ್ ಫರ್ಗೆಟ್? ಆಹ್ ಮಾ ಆಗ ಮಾರುಕಟ್ಟೆಯಲ್ಲಿ ಎಲ್ಲರ ಜೊತೆ ಚೌಕಾಸಿ ಮಾಡ್ತಿದ್ಲು ಲಾ. ಮರೆವು ಬಂದದ್ದು ಎಷ್ಟೋ ವರ್ಷ ಆದ್ಮೇಲೆ.” ಅವಳು ಹೇಳಿದ್ದು ಇಂಗ್ಲಿಷು, ಮಲಯ ಕಲಸಿದ ಮಾತಿನಲ್ಲಿ, ಕನ್ನಡ ನನ್ನದು. ಆಹ್ ಮಾ ಅಂದರೆ ಅಜ್ಜಿ. “ನಾನು ಅಲ್ಲೇ ಇದ್ದೆ, ಪೆಟ್ಟಿಗೆ ತೆಗೆದುಕೊಟ್ಟವಳೇ ನಾನು. ಕೂದಲು ಕಟ್ಟಿದ್ದು ಡಾಕ್ಟರಿಗೆ, ಮದ್ದಿಗೆ. ಇದು ಅವರಿಗಲ್ಲ. ಇದು ನಿಮಗೆ.”

“ನನಗಾ?”

“ಆಹ್ ಮಾ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ದಿನ ನೆನಪಿಲ್ವಾ? ಡಾಕ್ಟರು ಆಸ್ಪತ್ರೆಗೆ ಹೋಗಿದ್ರು. ನೀವು ಮೇಲಿಂದ ಓಡಿ ಬಂದ್ರಿ, ತಲೆಸ್ನಾನ ಮಾಡ್ತಾ ಇದ್ರಿ, ಕೂದಲೆಲ್ಲ ಹೀಗೆ,” ಎಂದು ಎರಡೂ ಕೈ ತಲೆಯ ಹಿಂದೆ ಹಾರಿಸಿ ತೋರಿಸಿದಳು, “ನೀರು ತೊಟ್ಟಿಕ್ತಾ ಇತ್ತು. ಹಾಗೇ ಕೂತು ಮುಳ್ಳು ತೆಗೆದ್ರಿ. ನಾನು ಅತ್ತದ್ದು ಆಹ್ ಮಾ ಸಾಯ್ತಾಳೆ ಅಂತ ಅಲ್ಲ, ನಿಮ್ಮನ್ನು ನೋಡಿ ಹೆದರಿ. ಆಮೇಲೆ ಆಹ್ ಮಾ ಪೆಟ್ಟಿಗೆಯೆಲ್ಲ ಜಾಲಾಡಿ ಇದೊಂದನ್ನು ಹುಡುಕಿದಳು. ಕೂದಲು ನೋಡು, ಸೇಮ್ ಸೇಮ್ ಅಂದಳು. ಎರಡನ್ನೂ ಡಾಕ್ಟರ ಕೈಗೆ ಕೊಟ್ಟು ಯಾವುದು ಯಾರಿಗೆ ಅಂತ ಹೇಳಿದಳಲ್ಲ.”

“ಹೇಳಿದ್ದು ಇವರಿಗೆ ಅರ್ಥ ಆಗ್ಲಿಲ್ಲ” ಅಂದರು ವಸಂತಿ ಕನ್ನಡದಲ್ಲಿ, ಯಾರಿಗೆಂದಿಲ್ಲದೆ. “ಮತ್ತೆ ನಾನು ಅವಳನ್ನು ಸೂಜಿ ಡಬ್ಬಿಯಲ್ಲಿಟ್ಟೆ.”

ಮೇ ಲಿನ್ ಎರಡೂ ನಾಣ್ಯಗಳನ್ನು ಅವರ ಕೈಗೆ ಹಾಕಿ, ಅಜ್ಜಿ ಮಾಡಿದ್ದಳಂತಲ್ಲ, ಹಾಗೇ ಮುಷ್ಟಿ ಮುಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿ, “ಅಂಕಲ್, ಮಾಕಾನ್. ತಿನ್ನಿ. ಮುಖ ಯಾಕೆ ಹಾಗಿದೆ?” ಎಂದು ಎಲೆಯ ಮೇಲೆ ಎರಡು ತಿಂಡಿ ಹಾಕಿ ಕೊಟ್ಟಳು.

ಆ ನಾಣ್ಯದ ಒಂದು ಮುಖ ಹೋಯಿತು. ಯಾವ ಸಂಗ್ರಾಹಕನಿಗೆ ತೋರಿಸಿದರೂ ತಿರುಗಿಸಿ ನೋಡಿ ‘ಛೆ’ ಎನ್ನುತ್ತಾನೆ, ಮತ್ತು ಆ ‘ಛೆ’ ವಸಂತಿಯವರದಲ್ಲ, ನನ್ನದು. ವಾಪಸು ಬಂದ ದಿನವೇ ಅಯಸ್ಕಾಂತ ಕಿತ್ತೆ. ಅದೀಗ ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಸುಮತಿಯ ಸಾಮಾನಿನ ಚೀಟಿ ಹಿಡಿದುಕೊಂಡಿದೆ. ಅದರ ಯೋಗ್ಯತೆಗೆ ಸರಿಯಾದ ಕೆಲಸ. ಶನಿವಾರದ ಗುಂಪಿನವರಿಗೆ ಪಿನ್ನಿನ ಕಥೆಯನ್ನು ನಾನೇ ಹೇಳಿದೆ. ಇಷ್ಟು ವರ್ಷದಲ್ಲಿ ಅವರು ಅಷ್ಟು ನಕ್ಕದ್ದನ್ನು ನಾನು ನೋಡಿಲ್ಲ. ಹೊಸಬರೇ, ನಿಮಗೆ ನನ್ನ ಉಪದೇಶವೆಂದರೆ ತೌಕೆಯದೇ: ತಕ್ಕಡಿ ಮೊದಲು, ತಮಾಷೆ ಆಮೇಲೆ. ಮತ್ತು ತಂದವರು ಹೇಳುವ ಕಥೆಯಲ್ಲಿ ಅಜ್ಜ ಅಜ್ಜಿ ಬಂದರೂ ಕೊನೆಯವರೆಗೆ ಕೇಳಿ. ನೂರರಲ್ಲಿ ತೊಂಬತ್ತೊಂಬತ್ತು ಬುರುಡೆ. ನೂರನೆಯವರು ಛತ್ರಿ ಹಿಡಿದುಕೊಂಡು ಬಾಗಿಲಿಂದ ಹೊರಗೆ ಹೋಗುತ್ತಿರುತ್ತಾರೆ.

ಅವತ್ತು ಮೇ ಲಿನ್‌ಳ ಬಾಗಿಲಲ್ಲಿ ಹೊರಡುವಾಗ ವಸಂತಿ ಬಿಚ್ಚಮ್ಮನನ್ನು ಕರವಸ್ತ್ರದಲ್ಲಿ ಸುತ್ತಿದರು. ತುದಿ ನಿಲ್ಲಲಿಲ್ಲ. ನನ್ನ ಕಡೆ ಕೈ ಚಾಚಿದರು.

“ಪಿನ್ನು ಕೊಡಿ.”

ಜೇಬಿನಿಂದ ತೆಗೆದು ಕೊಟ್ಟೆ. “ಊರಲ್ಲಿ ಮತ್ತೆ ಸೂಜಿ ಡಬ್ಬಿಗಾ?”

“ಇಲ್ಲ. ದೇವರ ಹತ್ರ, ಕೂದಲು ಕಟ್ಟಿದವಳ ಪಕ್ಕದಲ್ಲಿ” ಅಂದರು, ಪಿನ್ನು ಚುಚ್ಚುತ್ತಾ. “ತಿಕ್ಕುದಿಲ್ಲ. ಅತ್ತೆ ಈಗ ಇಲ್ಲ, ಕೇಳುವವರು ಯಾರು.”